ಡ್ಯುಯಲ್ ಬೂಟ್ ಮೇಷ್ಟ್ರು

ಗುಂಡ್ಲುಪೇಟೆಯಂಥ ಊರಿನಲ್ಲಿ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಕೂರಿಸಿಕೊಡುವ ಡ್ಯುಯಲ್ ಬೂಟ್ ಮೇಷ್ಟ್ರು ಒಬ್ಬರಾದರೂ ಇದ್ದೇ ಇರುತ್ತಾರೆ. ಕಲಿಸುವುದು ಸಮಾಜ ವಿಜ್ಞಾನವೇ ಆಗಿರಬಹುದು, ಶಾಲೆಯ ಮೆಟ್ಟಿಲು ಹತ್ತದ ಜೆರಾಕ್ಸ್ ಅಂಗಡಿ ಯಜಮಾನರೂ ಆಗಿರಬಹುದು. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಪೆನ್‌ಡ್ರೈವ್, ಅದರೊಳಗೆ ಉಬುಂಟು ಎಂಬ ಲಿನಕ್ಸ್ ಇದ್ದರೆ ಅವರೇ ಎಂದು ತಿಳಿಯಿರಿ. ಊರಿನವರು ಅವರನ್ನು ಲಿನಕ್ಸ್ ಭಕ್ತರೆನ್ನುತ್ತಾರೆ. ಅದು ತಪ್ಪು ಎಂಬುದೇ ನನ್ನ ವಾದ. ಭಕ್ತಿಯೇ ಆಗಿದ್ದರೆ ಇಡೀ ಡಿಸ್ಕನ್ನು ಒಪ್ಪಿಸಿಬಿಡುತ್ತಿದ್ದರು. ಮೂಲೆಹೊಳೆ ಗೇಟು ದಾಟಿದರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ವರ್ಷಗಳಿಂದ ಲಿನಕ್ಸಿನಲ್ಲೇ ನಡೆಯುತ್ತಿವೆ, ಯಾರೂ ಪಾಲಿನ ಮಾತೆತ್ತುವುದಿಲ್ಲ. ನಮ್ಮ ಮೇಷ್ಟ್ರ ಪ್ರೀತಿ ವಿಂಡೋಸಿನ ಮೇಲೂ ಇಲ್ಲ, ಲಿನಕ್ಸಿನ ಮೇಲೂ ಇಲ್ಲ. ಇರುವುದೆಲ್ಲ ಎರಡರ ನಡುವಿನ ಬದುವಿನ ಮೇಲೆ.

ಡಿಸ್ಕು ಭಾಗ ಮಾಡುವಾಗ ಅವರ ಗತ್ತು ನೋಡಬೇಕು, ಅಣ್ಣತಮ್ಮಂದಿರ ಜಮೀನಿನ ಪೋಡಿಗೆ ಬಂದ ಸರ್ವೇಯರೇ ಸರಿ. ಡಬ್ಬದ ಮೇಲೆ 500 ಜಿಬಿ ಎಂದಿದ್ದದ್ದು ವಿಂಡೋಸಿನಲ್ಲಿ 465 ಆಗಿರುತ್ತದೆ. ಡಿಸ್ಕಿನ ಮಾಲೀಕರು ಕಂಗಾಲು. ಪಹಣಿಗೂ ಅಳತೆಗೂ ತಾಳೆಯಾಗದ್ದನ್ನು ಕಂಡು ಕಂಡು ಸಾಕಾದವರಂತೆ ಮೇಷ್ಟ್ರು, ಕಂಪನಿಯವರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ, ಯಾರೂ ಒತ್ತುವರಿ ಮಾಡಿಲ್ಲ ಎಂದು ಸಮಾಧಾನ ಹೇಳುತ್ತಾರೆ. ಆಮೇಲೆ ಸಿ ಡ್ರೈವ್ ಕುಗ್ಗಿಸುವ ಕೆಲಸ. ಖಾಲಿ ಜಾಗ ಎಷ್ಟಿದ್ದರೂ ಕದಲಿಸಲಾಗದ ಫೈಲೊಂದು ನಡುವೆ ಬಾಂದು ಕಲ್ಲಾಗಿ ಕೂತಿರುತ್ತದೆ, ಅದರಾಚೆಗಿನದಷ್ಟೇ ಬಿಟ್ಟುಕೊಡಲು ವಿಂಡೋಸ್ ಒಪ್ಪುತ್ತದೆ. ಸಿಕ್ಕಿದ್ದರಲ್ಲಿ ಲಿನಕ್ಸಿನ ರೂಟಿಗೊಂದು ಪಾಲು, ಹೋಮಿಗೊಂದು, ಸ್ವಾಪಿಗೊಂದು ತುಂಡು. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಪ್ರೈಮರಿ ಪಾರ್ಟಿಶನ್ ನಾಲ್ಕಕ್ಕೆ ಮುಗಿಯುತ್ತಿತ್ತು. ಈಗಿನ ಜಿಪಿಟಿಯಲ್ಲಿ 128ರವರೆಗೆ ಹೋಗಬಹುದು, ಇದು ಮೇಷ್ಟ್ರಿಗೆ ಗೊತ್ತಾಗಬಾರದಿತ್ತು. ಉಬುಂಟು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಹೊಸ ಆವೃತ್ತಿ ಬಿಡುತ್ತದೆ. ಇದ್ದುದರ ಮೇಲೇ ಅಪ್‌ಗ್ರೇಡ್ ಮಾಡಿಕೊಳ್ಳಬಹುದಾದರೂ ಇವರು ಎರಡು ಸಲವೂ ಬದು ಕಿತ್ತು ಹೊಸದಾಗಿ ಹಾಕುತ್ತಾರೆ. ಬಳಸುವುದೇ ಉದ್ದೇಶವಾಗಿದ್ದರೆ ಒಂದು ಸಲ ಸಾಲದೆ?

ವಿಂಡೋಸ್ ಇಲ್ಲದೆ ಕನ್ನಡ ಬರೆಯುವ ನುಡಿ ತಂತ್ರಾಂಶ ಹೇಗೆ ನಡೆಯಬೇಕು ಎಂದು ಅವರ ಪರ ವಕಾಲತ್ತು ವಹಿಸುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನ ಅರ್ಜಿ, ಲಗ್ನಪತ್ರಿಕೆಗಳು ಡಿಟಿಪಿ ಅಂಗಡಿಗಳಲ್ಲಿ ಇನ್ನೂ ರಾಶಿ ಬಿದ್ದಿವೆ. ಆ ಫಾಂಟಿಲ್ಲದ ಕಡೆ ತೆರೆದರೆ ವಧುವರರ ಹೆಸರು ಯಾವ ಭಾಷೆಯದೂ ಆಗಿರುವುದಿಲ್ಲ. ಆದರೆ ಹೊಸದಾಗಿ ಬರೆಯುವುದಕ್ಕೇನು? ನುಡಿಯ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಉಂಟು. ಆದರೂ ಕಂಪ್ಯೂಟರ್ ಶುರುವಾಗಿ ಎರಡರಲ್ಲಿ ಯಾವುದೆಂದು ಕೇಳುವ ಗ್ರಬ್ಬಿನ ಪಟ್ಟಿ ಮೂಡಿದಾಗ ಮೇಷ್ಟ್ರ ಬೆರಳನ್ನು ಗಮನಿಸಿ. ಮೇಲಿನ ಸಾಲು ಉಬುಂಟು. ಎಣಿಕೆ ಹತ್ತರಿಂದ ಇಳಿಯುತ್ತಿರುತ್ತದೆ. ಯಾರೋ ಬಾಗಿಲಲ್ಲಿ "ಒಂದು ಪ್ರಿಂಟು ಬೇಕಿತ್ತು ಸಾ" ಎನ್ನುತ್ತಾರೆ, ಬೆರಳು ತಂತಾನೇ ಬಾಣದ ಕೀಲಿ ಒತ್ತಿ ವಿಂಡೋಸಿಗೆ ಇಳಿಯುತ್ತದೆ. ಎರಡೂ ಬೇಕೆಂದರೆ ವಿಂಡೋಸಿನೊಳಗೇ ವರ್ಚುವಲ್ ಯಂತ್ರದಲ್ಲಿ ಲಿನಕ್ಸ್ ಓಡಿಸಬಹುದಲ್ಲ ಎಂದರೆ 4 ಜಿಬಿ ರ‍್ಯಾಮಿಗೆ ಅದು ಭಾರ ಎನ್ನುತ್ತಾರೆ. ಒಪ್ಪಿದೆ. 16 ಜಿಬಿಯ ಹೊಸ ಯಂತ್ರದಲ್ಲೂ ಬದು ಹಾಕುತ್ತಾರಲ್ಲ, ಅದಕ್ಕೆ ಉತ್ತರವಿಲ್ಲ.

ಈ ಕೂಡುಸಂಸಾರದ ಜಗಳ ಗಡಿಯಾರದಲ್ಲಿ ಕಾಣುತ್ತದೆ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಗ್ರೀನಿಚ್ ಕಾಲ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಕಾಲವೆಂದು ಓದುತ್ತದೆ. ಐದೂವರೆ ತಾಸು ಖೋತಾ. 2009ರಿಂದ ಪಕ್ಕದ ಬಂಡೀಪುರ ಕಾಡಿನ ರಸ್ತೆಗಳು ರಾತ್ರಿ 9ಕ್ಕೆ ಮುಚ್ಚುತ್ತವೆ. ಗೇಟು ಬೀಳುವ ಹೊತ್ತಿಗೆ ಮೇಷ್ಟ್ರ ವಿಂಡೋಸಿನಲ್ಲಿ ಇನ್ನೂ ಮಧ್ಯಾಹ್ನ ಮೂರೂವರೆ. ಒಂದು ಸಾಲಿನ ಆದೇಶದಿಂದ ಸರಿಹೋಗುವ ತೊಂದರೆ ಇದು. ಸರಿಮಾಡಿದರೆ ವಿವರಿಸುವುದಕ್ಕೆ ಏನು ಉಳಿಯುತ್ತದೆ ಎಂದೋ ಏನೋ, ಬಿಟ್ಟಿರುತ್ತಾರೆ.

ಹಾಗಾದರೆ ಇವರಿಂದ ಊರಿಗೇನು ಲಾಭ ಎಂದು ಕೇಳುವವರಿಗೂ ಉತ್ತರವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. 11ಕ್ಕೆ ಏರಲಾಗದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಬೇಕಾದರೆ ಪೆನ್‌ಡ್ರೈವ್ ಜೇಬಿನ ಇವರೇ ಗತಿ, ಅದೂ ಕಾಸಿಲ್ಲದೆ, ಒಂದು ಕಾಫಿಗೆ. ಧೈರ್ಯವಾಗಿ ಕಂಪ್ಯೂಟರ್ ಒಪ್ಪಿಸಿ. ಕೊಡುವ ಮೊದಲು ಫೋಟೋ, ಮಾರ್ಕ್ಸ್ ಕಾರ್ಡು, ಪತ್ರಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿಟ್ಟುಕೊಳ್ಳಿ. ಪಾರ್ಟಿಶನ್ ಕುಗ್ಗುತ್ತಿರುವಾಗ ಕರೆಂಟು ಹೋಗದಂತೆ ಯುಪಿಎಸ್ ಇದೆಯೇ ಎಂದೂ ಕೇಳಿ.