ನಿರೀಕ್ಷಾ ಮೀಮಾಂಸೆ: ಎನ್-400 ಅರ್ಜಿಗೊಂದು ಕಿರುಭಾಷ್ಯ

ಶಾಸ್ತ್ರಗ್ರಂಥ ಬರೆಯಹೊರಟವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ಈ ಗ್ರಂಥದ ವಿಷಯ: ಅಮೆರಿಕದ ಸಿಟಿಜನ್‌ಶಿಪ್ಪಿಗೆ ಎನ್-400 ಎಂಬ ಅರ್ಜಿ ಹಾಕಿ ಕಾಯುವುದು. ಇದನ್ನು ಓದಲು ಅರ್ಹರು: ಗ್ರೀನ್ ಕಾರ್ಡ್ ಕೈಗೆ ಬಂದು ಐದು ವರ್ಷ ತುಂಬಿದವರು, ಅಲ್ಲಿಯ ಪ್ರಜೆಯನ್ನೇ ಮದುವೆಯಾಗಿ ಸಂಸಾರ ನಡೆಸುತ್ತಿರುವವರಿಗೆ ಮೂರೇ ವರ್ಷ ಸಾಕು. ಸಂಬಂಧ: ಸ್ಯಾನ್‌ಹೋಸೆಯಲ್ಲೋ ಡಲ್ಲಾಸಿನಲ್ಲೋ ಒಬ್ಬ ಸೋದರಳಿಯನಾದರೂ ಇಲ್ಲದ ಮನೆ ಬೆಂಗಳೂರಿನ ಕಡೆ ಸಿಗುವುದು ಕಷ್ಟವಾದ್ದರಿಂದ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಯೋಜನ: ಇದನ್ನು ಓದಿದರೆ ಅರ್ಜಿ ಬೇಗ ಆಗುವುದಿಲ್ಲ. ಓದದಿದ್ದರೂ ಆಗುವುದಿಲ್ಲ.

ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ನಮ್ಮ ಸಾಹಿತ್ಯ ಚರಿತ್ರೆಕಾರರು ಕಾಲವನ್ನು ಕತ್ತರಿಸಿ ಕೊಟ್ಟಿದ್ದಾರೆ. ಅದೇ ಕತ್ತರಿಯನ್ನು ಅಮೆರಿಕದ ಪೌರತ್ವದ ಮೇಲೆ ಆಡಿಸಿದರೆ ಮೂರು ಯುಗಗಳು ಸಿಗುತ್ತವೆ. ಮೊದಲನೆಯದು ಅವಸರಯುಗ. 1790ರ ಕಾಯಿದೆ ಎರಡು ವರ್ಷ ನೆಲೆಸಿದ್ದರೆ ಸಾಕೆಂದಿತು. 1795ರಲ್ಲಿ ಅದು ಐದಾಯಿತು. 1798ರಲ್ಲಿ ಏಕಾಏಕಿ ಹದಿನಾಲ್ಕಾಯಿತು. ಶ್ರೀರಾಮನ ವನವಾಸದ ಅವಧಿ ಅಮೆರಿಕದ ಕಾಂಗ್ರೆಸ್ಸಿಗೆ ಯಾವ ಮೂಲದಿಂದ ತಲುಪಿತು ಎಂಬುದರ ಮೇಲೆ ಯಾರಾದರೂ ಪಿಎಚ್.ಡಿ. ಮಾಡಬಹುದು. 1802ರಲ್ಲಿ ಮತ್ತೆ ಐದಕ್ಕೆ ಇಳಿದದ್ದು ಇವತ್ತಿಗೂ ಅಲ್ಲೇ ನಿಂತಿದೆ. ವನವಾಸ ಎಷ್ಟೇ ಇರಲಿ, ಅದು ಮುಗಿದ ಮೇಲೆ ಪಟ್ಟಾಭಿಷೇಕಕ್ಕೆ ತಡವಿರಲಿಲ್ಲ. ಆಗ ಪೌರತ್ವ ಕೊಡುತ್ತಿದ್ದದ್ದು ಊರೂರಿನ ಕೋರ್ಟುಗಳು. 1868ರ ಅಧ್ಯಕ್ಷ ಚುನಾವಣೆಯ ಮುಂಚೆಯಂತೂ ನ್ಯೂಯಾರ್ಕಿನ ನ್ಯಾಯಾಧೀಶರು ದಿನಕ್ಕೆ ನೂರಾರು ಜನರಿಗೆ ಪ್ರಮಾಣ ಬೋಧಿಸಿ ಹೊಸ ಮತದಾರರನ್ನು ಬೀದಿಗೆ ಬಿಟ್ಟರು. ಈ ವೇಗವನ್ನು ಕಂಡು ಗಾಬರಿಯಾದ ಸರ್ಕಾರ 1906ರಲ್ಲಿ ಈ ಕೆಲಸದ ಉಸ್ತುವಾರಿಗೆ ಒಂದು ಇಲಾಖೆಯನ್ನು ಕಟ್ಟಿತು. ಇಲಾಖೆ ಬಂದ ಮೇಲೆ ಕಡತ ಬಂತು. ಕಡತ ಬಂದ ಮೇಲೆ ಅದು ಎಲ್ಲಿದೆ ಎಂಬ ಪ್ರಶ್ನೆ ಬಂತು.

ಎರಡನೆಯದು ಅನರ್ಹಯುಗ. 1790ರ ಕಾಯಿದೆಯೇ ಪೌರತ್ವವನ್ನು ಸ್ವತಂತ್ರ ಬಿಳಿಯರಿಗೆ ಮೀಸಲಿಟ್ಟಿತ್ತು. ನಮ್ಮವರು ಬಿಳಿಯರೋ ಅಲ್ಲವೋ ಎಂಬ ಜಿಜ್ಞಾಸೆ ಕೋರ್ಟಿನಿಂದ ಕೋರ್ಟಿಗೆ ಬೇರೆ ಬೇರೆ ಉತ್ತರ ಪಡೆಯಿತು. ಇದರ ಪೂರ್ಣ ಫಲ ಉಂಡವರು ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಇವರಿಗೆ 1918ರ ಡಿಸೆಂಬರಿನಲ್ಲಿ ಪೌರತ್ವ ಸಿಕ್ಕಿತು. ನಾಲ್ಕೇ ದಿನಕ್ಕೆ ಕಿತ್ತುಕೊಂಡರು. 1920ರಲ್ಲಿ ಆರೆಗನ್‌ನ ಕೋರ್ಟು ಮತ್ತೆ ಕೊಟ್ಟಿತು. 1923ರಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ಜನ ಯಾರನ್ನು ಬಿಳಿಯರೆನ್ನುತ್ತಾರೋ ಅವರಲ್ಲಿ ಇವರಿಲ್ಲ ಎಂದು ತೀರ್ಪಿತ್ತಿತು. ಆ ಯುದ್ಧಕಾಲದಲ್ಲಿ ಸೇನೆಯಲ್ಲಿದ್ದವರಿಗೆಂದು 1935ರಲ್ಲಿ ಬೇರೆ ಕಾಯಿದೆ ಬಂದ ಮೇಲೆ, 1936ರಲ್ಲಿ ನ್ಯೂಯಾರ್ಕಿನಲ್ಲಿ ಮೂರನೇ ಸಲ ಸಿಕ್ಕಿದ್ದು ಉಳಿಯಿತು. ಹದಿನೆಂಟು ವರ್ಷ. ವನವಾಸಕ್ಕಿಂತ ನಾಲ್ಕು ಹೆಚ್ಚು. ಎಂಟು ತಿಂಗಳಾಯಿತು, ಇನ್ನೂ ಪ್ರಮಾಣವಚನದ ಓತ್‌ಗೆ ಕರೆದಿಲ್ಲ ಎಂದು ಕನ್ನಡ ಕೂಟದ ಗಣೇಶೋತ್ಸವದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ಗೊಣಗುವ ತರುಣರು ಗಣಪತಿಯ ಪಕ್ಕದಲ್ಲಿ ಥಿಂಡ್ ಅವರ ಫೋಟೋವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. 1946ರ ಲೂಸ್–ಸೆಲ್ಲರ್ ಕಾಯಿದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ವರ್ಷಕ್ಕೆ ನೂರು ಜನ ವಲಸೆ ಬರಬಹುದೆಂದೂ ದೊಡ್ಡ ಮನಸ್ಸು ಮಾಡಿತು.

ಮೂರನೆಯದು ನಿರೀಕ್ಷಾಯುಗ, ಈಗ ನಡೆಯುತ್ತಿರುವುದು. ಇದನ್ನು ಪ್ರವೇಶಿಸುವ ಮುನ್ನ ಪಠ್ಯವಿಮರ್ಶಕರ ಗಮನಕ್ಕೆ ಬಾರದ ಒಂದು ಅಂಶವಿದೆ. ಪೌರತ್ವದ ಇಂಟರ್‌ವ್ಯೂನಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಬರೆದವರು ಯಾರು, ಅದನ್ನು ಅಂಗೀಕರಿಸಿದ್ದು ಯಾವಾಗ ಎಂದೆಲ್ಲ ಕೇಳುತ್ತಾರೆ. ಜೆಫರ್ಸನ್, 1776ರ ಜುಲೈ 4 ಎಂದು ಎಲ್ಲರೂ ಉರು ಹೊಡೆದಿರುತ್ತಾರೆ. ಆದರೆ ಆ ಘೋಷಣೆಯ ಒಳಗೆ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಮೇಲೆ ಹೊರಿಸಿರುವ ಆರೋಪಗಳ ಪಟ್ಟಿಯಲ್ಲಿ, ಪರದೇಶದವರು ಪೌರರಾಗುವುದಕ್ಕಿದ್ದ ಕಾನೂನುಗಳಿಗೆ ಆತ ಅಡ್ಡಗಾಲು ಹಾಕಿದ ಎಂಬುದೂ ಒಂದು. ಅಂದರೆ ಅಮೆರಿಕ ಹುಟ್ಟಿದ ಕಾರಣಗಳಲ್ಲಿ ಪೌರತ್ವದ ವಿಳಂಬವೂ ಸೇರಿದೆ. ಇದು ಪ್ರಶ್ನೆಪಟ್ಟಿಯಲ್ಲಿ ಇಲ್ಲ.

ಮೀಮಾಂಸಾಶಾಸ್ತ್ರ ವೇದವಾಕ್ಯಗಳನ್ನು ವಿಧಿ ಮತ್ತು ಅರ್ಥವಾದ ಎಂದು ಬೇರ್ಪಡಿಸುತ್ತದೆ. ಮಾಡಲೇಬೇಕಾದದ್ದು ವಿಧಿ, ಬಾಯಿತುಂಬ ಹೊಗಳಿ ಹುರಿದುಂಬಿಸುವುದು ಅರ್ಥವಾದ. ಅರ್ಜಿದಾರನಿಗೆ ಸಂಬಂಧಿಸಿದ ವಾಕ್ಯಗಳೆಲ್ಲ ವಿಧಿವಾಕ್ಯಗಳು. ಐದು ವರ್ಷದಲ್ಲಿ ಮೂವತ್ತು ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಆರು ತಿಂಗಳಿಗೆ ಮೀರಿ ಊರಲ್ಲಿ ಉಳಿದಿದ್ದರೆ ಏಕೆಂದು ದಾಖಲೆ ಸಮೇತ ಹೇಳಬೇಕು. ಇಪ್ಪತ್ತನಾಲ್ಕು ಗಂಟೆಗೆ ಮೀರಿದ ಪ್ರತಿ ಪ್ರವಾಸದ ಹೋದ ದಿನ, ಬಂದ ದಿನ ಬರೆಯಬೇಕು. ಹಳೇ ಪಾಸ್‌ಪೋರ್ಟಿನ ಮಸುಕಾದ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದುವ ಆ ರಾತ್ರಿಗಳಲ್ಲಿ ಅರ್ಜಿದಾರ ಶಾಸನತಜ್ಞನಾಗುತ್ತಾನೆ. ಐದು ವರ್ಷ ತುಂಬಲು ತೊಂಬತ್ತು ದಿನವಿರುವಾಗ ಅರ್ಜಿ ಹಾಕಬಹುದು. ತೊಂಬತ್ತೊಂದು ದಿನವಿರುವಾಗ ಹಾಕಿದರೆ ಕೆಟ್ಟಿತು.

ಸರ್ಕಾರಕ್ಕೆ ಸಂಬಂಧಿಸಿದ ವಾಕ್ಯವೂ ಇದೆ. ವಲಸೆಯ ಅರ್ಜಿಗಳು ಸಲ್ಲಿಸಿದ 180 ದಿನದೊಳಗೆ ಇತ್ಯರ್ಥವಾಗಬೇಕೆಂದು ಕಾಂಗ್ರೆಸ್ಸು 2000ದಲ್ಲಿ ಕಾಯಿದೆಯಲ್ಲೇ ಬರೆಯಿತು. ಆದರೆ ಹಾಗೆಂಬುದು ಕಾಂಗ್ರೆಸ್ಸಿನ ಆಶಯ ಎಂದಷ್ಟೇ ಬರೆಯಿತು. ಆಶಯವನ್ನು ಮೀರಿದರೆ ಶಿಕ್ಷೆಯಿಲ್ಲ. ಶುದ್ಧ ಅರ್ಥವಾದ.

ಸರ್ಕಾರದ ಕಡೆಗೂ ಒಂದು ಗಟ್ಟಿ ವಿಧಿ ಉಂಟು, ಒಂದೇ ಒಂದು. ಪರೀಕ್ಷೆ ನಡೆದ ದಿನದಿಂದ 120 ದಿನದೊಳಗೆ ತೀರ್ಮಾನ ಬಾರದಿದ್ದರೆ ಅರ್ಜಿದಾರ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋಗಬಹುದು, ಕೋರ್ಟು ತಾನೇ ಪೌರತ್ವ ಕೊಡಲೂಬಹುದು. ಪರೀಕ್ಷೆ ಎಂದರೆ ಇಂಟರ್‌ವ್ಯೂ ಎಂದು ಸಾಮಾನ್ಯರು ತಿಳಿದಿದ್ದರು. 2005ರಲ್ಲಿ ವರ್ಜೀನಿಯಾದ ಒಂದು ಜಿಲ್ಲಾ ಕೋರ್ಟು ಪೂರ್ವಪಕ್ಷ ಹೂಡಿತು: ಪರೀಕ್ಷೆ ಎಂಬುದು ಒಂದು ದಿನದ ಘಟನೆಯಲ್ಲ, ಹಿನ್ನೆಲೆಯ ತನಿಖೆಯೂ ಸೇರಿದ ಒಂದು ಪ್ರಕ್ರಿಯೆ, ತನಿಖೆ ಮುಗಿಯದೆ ಪರೀಕ್ಷೆ ಮುಗಿಯದು, ಪರೀಕ್ಷೆ ಮುಗಿಯದೆ 120 ಶುರುವಾಗದು. ಶಂಕರರ ಎದುರು ಕೂತ ಮಂಡನಮಿಶ್ರರಿಗೂ ಇಂಥ ವಾದ ಹೊಳೆದಿರಲಾರದು. 2007ರಲ್ಲಿ ಮೇಲ್ಮನವಿ ಕೋರ್ಟು, ಇಂಟರ್‌ವ್ಯೂ ದಿನದಿಂದಲೇ ಎಣಿಸಬೇಕು ಎಂದು ಸಿದ್ಧಾಂತ ಸ್ಥಾಪಿಸಿತು. ಅರ್ಜಿದಾರರು ಗೆದ್ದರು. ಆದರೆ ಪೌರತ್ವದ ಇಲಾಖೆ ಅಷ್ಟರಲ್ಲಾಗಲೇ, 2006ರಲ್ಲೇ, ಎಲ್ಲ ವಾದಗಳಿಗಿಂತ ಸೂಕ್ಷ್ಮವಾದ ಉತ್ತರವನ್ನು ಕಂಡುಕೊಂಡಿತ್ತು: ತನಿಖೆ ಮುಗಿಯುವ ತನಕ ಇಂಟರ್‌ವ್ಯೂಗೆ ಕರೆಯದಿರುವುದು. ಎಣಿಕೆ ಶುರುವಾಗುವ ದಿನವನ್ನೇ ಇಲ್ಲವಾಗಿಸಿದ ಈ ಯುಕ್ತಿಯನ್ನು ನ್ಯಾಯಶಾಸ್ತ್ರದಲ್ಲಿ ಪ್ರಾಗಭಾವ ಎನ್ನುತ್ತಾರೆ: ಹುಟ್ಟುವ ಮುಂಚಿನ ಇಲ್ಲದಿರುವಿಕೆ, ಅದಕ್ಕೆ ಆದಿಯಿಲ್ಲ.

ಆ ತನಿಖೆಯಾದರೂ ಏನು? ಜನರ ಬಾಯಲ್ಲಿ ಅದು ನೇಮ್ ಚೆಕ್. ಸೆಪ್ಟೆಂಬರ್ 11ರ ದಾಳಿಯ ನಂತರ, 2002ರ ಕೊನೆಯಲ್ಲಿ, ಅರ್ಜಿದಾರರ ಸುಮಾರು 27 ಲಕ್ಷ ಹೆಸರುಗಳನ್ನು ಮತ್ತೊಮ್ಮೆ ಸೋಸಿ ಕೊಡಿ ಎಂದು ಎಫ್‌ಬಿಐಗೆ ಕಳಿಸಿದರು. ಎಫ್‌ಬಿಐ ಶಂಕಿತರ ಪಟ್ಟಿಯಷ್ಟನ್ನೇ ನೋಡಿ ಬಿಡುವುದಿಲ್ಲ. ಯಾವುದೋ ಕೇಸಿನಲ್ಲಿ ಸಾಕ್ಷಿಯಾಗಿಯೋ ದಾರಿಹೋಕನಾಗಿಯೋ ಯಾರದೋ ಹೆಸರು ನುಸುಳಿದ್ದರೂ ಅದನ್ನು ತೆಗೆದು ನೋಡಬೇಕು. ಅನೇಕ ಕಡತಗಳು ಕಾಗದದಲ್ಲೇ, ದೇಶದ ಇನ್ನೂರಕ್ಕೂ ಹೆಚ್ಚು ಜಾಗಗಳಲ್ಲಿ ಚದುರಿಕೊಂಡಿದ್ದವು. 2007ರ ಮೇ ತಿಂಗಳಿಗೆ ಮೂರು ಲಕ್ಷಕ್ಕೂ ಹೆಚ್ಚು ಹೆಸರುಗಳು ಸರದಿಯಲ್ಲಿದ್ದವು. ಅದರಲ್ಲಿ ಮೂರರಲ್ಲೊಂದು ಪಾಲು ಒಂದು ವರ್ಷ ದಾಟಿದವು.

ಹೆಸರನ್ನು ಹಿಂದುಮುಂದು ಮಾಡಿಯೂ, ಉಚ್ಚಾರಣೆ ಹೋಲುವ ಹಾಗೆ ಬದಲಿಸಿಯೂ ಹುಡುಕುವುದು ಅಲ್ಲಿಯ ಪದ್ಧತಿ. ಇಲ್ಲಿ ಕನ್ನಡಿಗನ ವಿಶೇಷ ಕೊಡುಗೆಯನ್ನು ದಾಖಲಿಸಬೇಕು. ತುರುವೇಕೆರೆ ರಾಮಣ್ಣ ಮಂಜುನಾಥ ಎಂಬೊಬ್ಬನನ್ನು ಕಲ್ಪಿಸಿಕೊಳ್ಳೋಣ. ಹುಟ್ಟಿದ್ದು ಟಿ. ಆರ್. ಮಂಜುನಾಥನಾಗಿ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದರು, ಬಿಡಿಸಿದ. ಅಮೆರಿಕದಲ್ಲಿಳಿದಾಗ ಹಲ್ಲಿನ ಡಾಕ್ಟರಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲರೂ ಅವನನ್ನು ಮಿಸ್ಟರ್ ತುರುವೇಕೆರೆ ಎಂದರು. ಮೂರು ಪದಗಳನ್ನು ಆರು ಕ್ರಮದಲ್ಲಿ ಜೋಡಿಸಬಹುದು. ಕೊನೆಯ ‘ಅ’ಕಾರವನ್ನು ಇಟ್ಟೂ ಬಿಟ್ಟೂ ಬರೆದರೆ ಹನ್ನೆರಡು. ಎಫ್‌ಬಿಐನ ಒಬ್ಬ ಗುಮಾಸ್ತ ಒಂದು ತಾಲ್ಲೂಕು ಕೇಂದ್ರದ ಚಾರಿತ್ರ್ಯವನ್ನು, ನಂತರ ಸ್ವರ್ಗಸ್ಥರಾದ ರಾಮಣ್ಣನವರ ಚಾರಿತ್ರ್ಯವನ್ನು, ಪುರುಸೊತ್ತಾದರೆ ಮಂಜುನಾಥನದ್ದನ್ನು ಪರಿಶೀಲಿಸಿ ಮುಗಿಸಲು ಸಮಯ ಹಿಡಿಯುತ್ತದೆ. ಸರ್‌ನೇಮ್ ಜಾಗವನ್ನು ಖಾಲಿ ಬಿಟ್ಟು ವೀಸಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಹೊತ್ತು ಬಂದವರ ಗತಿ ಬೇರೆ. ಮೊದಲ ಹೆಸರು ಗೊತ್ತಿಲ್ಲ ಎಂಬುದೇ ಮೊದಲ ಹೆಸರಾದ ಮೇಲೆ ಅವರು ವೇದಾಂತದ ಅಧ್ಯಯನಕ್ಕೆ ಹೆಚ್ಚು ಯೋಗ್ಯರು.

ನೇಮ್ ಚೆಕ್ಕಿನ ರಾಶಿ 2009ರ ಹೊತ್ತಿಗೆ ಕರಗಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಶಾಸ್ತ್ರಕ್ಕೆ ಅದರಿಂದ ಹಾನಿಯಾಗಲಿಲ್ಲ, ಬೇರೆ ಕಾರಣಗಳು ಒದಗಿದವು. ಬಹುತೇಕ ವಲಸಿಗರಿಗೆ ಒಂದೊಂದು ಕಾಗದದ ಕಡತವಿರುತ್ತದೆ. ಅಂಥ ಲಕ್ಷಾಂತರ ಕಡತಗಳನ್ನು ಕನ್ಸಾಸ್ ಸಿಟಿಯ ಆಸುಪಾಸಿನ ಸುಣ್ಣಕಲ್ಲಿನ ಗುಹೆಗಳಲ್ಲಿ ಇಟ್ಟಿದ್ದಾರೆ. ಇದು ಉತ್ಪ್ರೇಕ್ಷಾಲಂಕಾರವಲ್ಲ, ನಿಜವಾದ ಗುಹೆ. ಕೊರೊನಾ ಕಾಲದಲ್ಲಿ ಗುಹೆಯ ಕೆಲಸಗಾರರು ಒಳಹೋಗುವಂತಿರಲಿಲ್ಲ. ಕಡತ ಹೊರಬಾರದೆ ಇಂಟರ್‌ವ್ಯೂ ಇಲ್ಲ. ಗುಹೆಯಲ್ಲಿ ಕೂತು ತಪಸ್ಸು ಮಾಡುವುದನ್ನು ಋಷಿಗಳು ಶಿಷ್ಯರಿಗೆ ವಹಿಸಿದ ಉದಾಹರಣೆಯಿಲ್ಲ. ಇಲ್ಲಿ ಕಡತ ಒಳಗೆ ತಪಸ್ಸಿಗೆ ಕೂತು, ಕಡತದ ಒಡೆಯ ಹೊರಗೆ ಗಡ್ಡ ಬಿಟ್ಟ.

ಇನ್ನು ಕಾಯುವವರ ಆಚಾರ. ನಿತ್ಯಕರ್ಮದ ಲಕ್ಷಣ, ಮಾಡಿದರೆ ಫಲವಿಲ್ಲ, ಬಿಟ್ಟರೆ ದೋಷ. ಮೂರು ಅಕ್ಷರ ಹತ್ತು ಅಂಕಿಯ ರಿಸೀಟ್ ನಂಬರನ್ನು ಬೆಳಿಗ್ಗೆ ಸಂಜೆ ಒತ್ತಿ ಸ್ಟೇಟಸ್ ನೋಡುವುದು ಈ ವರ್ಗಕ್ಕೆ ಸೇರುತ್ತದೆ. ಮಂತ್ರ ಬದಲಾಗುವುದಿಲ್ಲ: ನಿಮ್ಮ ಅರ್ಜಿಯನ್ನು ಸಕ್ರಿಯವಾಗಿ ಪರಿಶೀಲಿಸಲಾಗುತ್ತಿದೆ. ಈ ವಾಕ್ಯದ ಮೇಲೆ ಅಧಿಕೃತ ವ್ಯಾಖ್ಯಾನ ಲಭ್ಯವಿಲ್ಲದ ಕಾರಣ ಮೌಖಿಕ ಆಕರವೊಂದನ್ನು ಬಳಸಿಕೊಳ್ಳಲಾಗಿದೆ. ಭಾನುವಾರ ಬೆಳಿಗ್ಗೆ ತುರುವೇಕೆರೆಯಿಂದ ಬರುವ ಫೋನು:

“ಆಯ್ತೇನೋ ಅದು?”

“ಇನ್ನೂ ಇಲ್ಲಮ್ಮ. ನೋಡ್ತಾ ಇದಾರಂತೆ.”

“ಯಾರು ನೋಡ್ತಾ ಇರೋದು?”

“ಅದು ಗೊತ್ತಾಗಲ್ಲ.”

“ಇಲ್ಲೇ ಆಗಿದ್ರೆ ಯಾರ ಕೈಲಾದ್ರೂ ಹೇಳಿಸಬಹುದಿತ್ತು ನೋಡು.”

ಅಲ್ಲಿಯೂ ಹೇಳಿಸಬಹುದು ಎಂಬುದು ಆ ತಾಯಿಗೆ ತಿಳಿಯದು. ತಮ್ಮ ಏರಿಯಾದ ಕಾಂಗ್ರೆಸ್‌ಮನ್ ಆಫೀಸಿಗೆ ಒಂದು ಒಪ್ಪಿಗೆಪತ್ರ ಸಹಿ ಮಾಡಿ ಕೊಟ್ಟರೆ ಅವರು ಇಲಾಖೆಗೆ ಬರೆದು ವಿಚಾರಿಸುತ್ತಾರೆ. ಕಾಸಿಲ್ಲ, ತೆಂಗಿನಕಾಯಿ ಗೊನೆ ಹೊತ್ತು ಹೋಗಬೇಕಾಗಿಯೂ ಇಲ್ಲ. ಎಷ್ಟೋ ಸಲ ಬರುವ ಉತ್ತರ, ಅರ್ಜಿ ಪರಿಶೀಲನೆಯಲ್ಲಿದೆ. ದೂರು ಕೇಳಲೆಂದು ಕಾನೂನಿನಲ್ಲಿ ಓಂಬುಡ್ಸ್‌ಮನ್ ಎಂಬ ಹುದ್ದೆಯೂ ಉಂಟು. ಕೊನೆಯದು ಲಾಯರ್ ಹಿಡಿದು ಕೋರ್ಟಿನಲ್ಲಿ ಮ್ಯಾಂಡೇಮಸ್ ಹೂಡುವುದು. ಅಶ್ವಮೇಧದಂತೆ ಖರ್ಚಿನದಾದರೂ ಫಲ ಕೊಡುವ ಪ್ರಸಿದ್ಧಿ ಅದಕ್ಕಿದೆ: ಸರ್ಕಾರದ ವಕೀಲರು ಉತ್ತರ ಕೊಡುವ ಗಡುವಿನೊಳಗೆ, ವರ್ಷಗಟ್ಟಲೆ ಸಿಗದಿದ್ದ ಕಡತ ಎಷ್ಟೋ ಕೇಸುಗಳಲ್ಲಿ ತಾನಾಗಿ ಮೇಜಿನ ಮೇಲೆ ಪ್ರತ್ಯಕ್ಷವಾಗುತ್ತದೆ.

ಕಾಯುವಿಕೆಯಲ್ಲಿ ಎಲ್ಲವೂ ನಿಂತಿರುವುದಿಲ್ಲ ಎಂಬುದು ಈ ಶಾಸ್ತ್ರದ ಗಹನ ಭಾಗ. ಬೆರಳಚ್ಚಿನ ತಪಾಸಣೆ ಹದಿನೈದು ತಿಂಗಳಿಗೆ ಹಳತಾಗುತ್ತದೆ. ಬೆರಳು ಅದೇ ಇದ್ದರೂ ಮತ್ತೆ ಒತ್ತಬೇಕಾಗಬಹುದು. ಉರು ಹೊಡೆದ ಉತ್ತರಗಳೂ ಹಳಸುತ್ತವೆ. ಕೆಳಮನೆಯ ಸ್ಪೀಕರ್ ಯಾರು ಎಂಬುದು 2008ರ ಪ್ರಶ್ನೆಪಟ್ಟಿಯಲ್ಲೊಂದು. 2023ರ ಅಕ್ಟೋಬರ್ 3ರಂದು ಸ್ಪೀಕರ್ ಕೆವಿನ್ ಮೆಕಾರ್ಥಿಯವರನ್ನು ಸದನ ಕೆಳಗಿಳಿಸಿತು, ಮೈಕ್ ಜಾನ್ಸನ್ ಬಂದದ್ದು 25ರಂದು. ನಡುವಿನ ಮೂರು ವಾರ, ಸದನಕ್ಕೇ ಗೊತ್ತಿಲ್ಲದ ಉತ್ತರವನ್ನು ಅರ್ಜಿದಾರ ಹೇಳಬೇಕಾಗಿತ್ತು. ನೂರು ಪ್ರಶ್ನೆಗಳ ಪಟ್ಟಿಯೂ 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ 128 ಆಗಿದೆ. ಹತ್ತು ಕೇಳಿ ಆರಕ್ಕೆ ಪಾಸು ಮಾಡುತ್ತಿದ್ದಲ್ಲಿ ಈಗ ಇಪ್ಪತ್ತು ಕೇಳಿ ಹನ್ನೆರಡು ಬಯಸುತ್ತಾರೆ. ಶೇಕಡಾವಾರು ಲೆಕ್ಕ ಅಷ್ಟೇ. ಮಂಜುನಾಥರು ಸಿಇಟಿ ಕಂಡ ಕುಲದವರು, ಇದಕ್ಕೆ ಜಗ್ಗುವುದಿಲ್ಲ.

ಕೊನೆಗೆ ಓತ್‌ಗೆ ಕರೆಯುವ ಕಾಗದ ಬರುತ್ತದೆ. ಅದರ ನಂಬರು ಎನ್-445. ಇಂಟರ್‌ವ್ಯೂ ಆದಮೇಲೆ ಈ ದಿನದ ತನಕ ನಿಮ್ಮ ಬದುಕಿನಲ್ಲಿ ಏನೇನಾಯಿತೆಂದು ಅದು ಮತ್ತೊಮ್ಮೆ ಕೇಳುತ್ತದೆ: ಮದುವೆಯೋ ವಿಚ್ಛೇದನವೋ ಆಯಿತೇ, ದೇಶದಾಚೆ ಹೋಗಿದ್ದಿರಾ, ಕಮ್ಯುನಿಸ್ಟ್ ಪಕ್ಷ ಸೇರಿದಿರಾ, ಒಂದಕ್ಕಿಂತ ಹೆಚ್ಚು ಹೆಂಡಿರನ್ನು ಕಟ್ಟಿಕೊಂಡಿರಾ, ಕುಡಿತದ ಚಟಕ್ಕೆ ಬಿದ್ದಿರಾ. ಹಿಂದಿನ ಭಾಷ್ಯಕಾರರು ಈ ಕೊನೆಯ ಪ್ರಶ್ನೆಯನ್ನು ಅವಮಾನವೆಂದು ಅರ್ಥೈಸಿದ್ದಾರೆ. ನಮಗೆ ಹಾಗೆನ್ನಿಸುವುದಿಲ್ಲ. ಇಡೀ ಎನ್-400 ಸಾಹಿತ್ಯದಲ್ಲಿ, ಕಾಯಿಸಿದ್ದರಿಂದ ಮನುಷ್ಯನಿಗೆ ಏನಾದರೂ ಆಗಿರಬಹುದೇ ಎಂದು ಸರ್ಕಾರ ವಿಚಾರಿಸುವ ಜಾಗ ಇದೊಂದೇ. ಸರಿಯುತ್ತರ: ಇಲ್ಲ.