ವಿಶ್ವಾಸ: ಬಳಸುವ ಕ್ರಮ (ಕಬ್ಬಿನ ಸೀಮೆಯ ಆವೃತ್ತಿ)

ಈ ಕೈಪಿಡಿ ಕಲ್ಲೋಳಿ, ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಸಾಮಾನ್ಯ ಕ್ರೈಸ್ತರಿಗಾಗಿ. ಸಂತರಿಗೆ ಬೇರೆ ಆವೃತ್ತಿ ಇದೆ. ಅದರಲ್ಲಿ ಸಿಂಹದ ಗವಿ, ಬೆಂಕಿಯ ಕುಲುಮೆ, ಸೆರೆಮನೆ ಎಲ್ಲ ಬರುತ್ತವೆ. ಇದರಲ್ಲಿ ಬರುವುದು ಹೆಚ್ಚೆಂದರೆ ಸಕ್ಕರೆ ಕಾರ್ಖಾನೆ.

ಸರಬರಾಜು: ಮಾಲು ಈ ಭಾಗಕ್ಕೆ ಹೊಸದಲ್ಲ. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದು ಕೆಲಸ ಶುರು ಮಾಡಿದರು. 1904ರಲ್ಲಿ ಆ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯಿತು. ಬೋರ್ಡು ಬದಲಾಯಿತು, ಮಾಲು ಅದೇ.

ಬಳಸುವ ಮುನ್ನ: ಊರು ಎಂಥದ್ದು ಎಂದು ತಿಳಿದಿರಲಿ. ಕಲ್ಲೋಳಿ ಹನುಮಪ್ಪನ ಊರು. ಶನಿವಾರ ಗುಡಿಗೆ ಬರುವ ಜನವನ್ನು ನೋಡಿದರೆ ಸಾಕು. ರಟ್ಟರ ಕಾಲದ ಇಲ್ಲಿಯ ಶಾಸನ ಶಾಂತಿನಾಥ ಬಸದಿಯ ಸುದ್ದಿ ಹೇಳುತ್ತದೆ. ಎಂಟುನೂರು ವರ್ಷದಿಂದ ತರಹೇವಾರಿ ಭಕ್ತರನ್ನು ಕಂಡ ಊರು ಇದು. ನೀವು ಕೂಟದ ಸ್ಪೀಕರ್ ಎಷ್ಟು ಜೋರು ಮಾಡಿದರೂ ಯಾರೂ ಬೆರಗಾಗುವುದಿಲ್ಲ. ಕೈಗಡ ತಂದದ್ದನ್ನು ಹೇಳಿದ ದಿನಕ್ಕೆ ತಿರುಗಿ ಕೊಟ್ಟು ನೋಡಿ, ಓಣಿಯೆಲ್ಲ ಮಾತಾಡಿಕೊಳ್ಳುತ್ತದೆ.

ಚಾಲನೆ: ಮೊದಲು ಪ್ರಾರ್ಥನೆ ಮಾಡಿ. ಆಮೇಲೆ ಎದ್ದೇಳಿ. ಬಹಳ ಮಂದಿ ಈ ಎರಡನೆಯದನ್ನೇ ಮರೆಯುತ್ತಾರೆ. ನೆಹೆಮೀಯನ ಪುಸ್ತಕದ 4ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಗೋಡೆ ಕಟ್ಟುವವರು ವೈರಿಗಳ ಸುದ್ದಿ ಕೇಳಿ ದೇವರಿಗೆ ಮೊರೆಯಿಟ್ಟರು, ಜೊತೆಗೆ ಹಗಲೂ ರಾತ್ರಿ ಕಾವಲನ್ನೂ ಹಾಕಿದರು. ಕಾವಲು ಹಾಕಿದ್ದಕ್ಕೆ ಅವರ ವಿಶ್ವಾಸ ಕಡಿಮೆಯಾಯಿತೆಂದು ಅಲ್ಲಿ ಯಾರೂ ಬರೆದಿಲ್ಲ.

ಕಬ್ಬಿನ ವಿಷಯದಲ್ಲೂ ಇದೇ ಕ್ರಮ. ಟ್ರ್ಯಾಕ್ಟರ್ ಹಿಂದೆ ಕಾರ್ಖಾನೆಯ ತನಕ ಹೋಗಿ. ತೂಕದ ಚೀಟಿ ಕೈಗೆ ಬಂದಕೂಡಲೇ ಮಡಚಿ ಕಿಸೆಗೆ ಹಾಕಬೇಡಿ, ಓದಿ: ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ರವದಿಯ ಹೆಸರಲ್ಲಿ ಕಳೆದದ್ದು ಎಷ್ಟು, ಉಳಿದದ್ದು ಎಷ್ಟು. ಮೋಸದ ತಕ್ಕಡಿ ದೇವರಿಗೆ ಸೇರುವುದಿಲ್ಲ ಎಂಬ ಮಾತು ಜ್ಞಾನೋಕ್ತಿಗಳ 11ನೇ ಅಧ್ಯಾಯದ ಮೊದಲ ವಚನದಲ್ಲೇ ಇದೆ. ದೇವರಿಗೇ ತೂಕದ ಚಿಂತೆ ಇರುವಾಗ ನಿಮಗೆ ಇದ್ದರೆ ತಪ್ಪಿಲ್ಲ. ಇನ್ನು ರವದಿ ತುರುಕಿ ಗಾಡಿ ಭಾರ ಮಾಡುವವರೂ ಆ ವಚನವನ್ನು ಒಮ್ಮೆ ಓದಿಕೊಳ್ಳಲಿ. ಅದು ಕಾರ್ಖಾನೆಗಷ್ಟೇ ಬರೆದದ್ದಲ್ಲ.

ಬಿಲ್ಲು ಬಾರದಿದ್ದರೆ: ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಇದನ್ನು ತಿಳಿದವರು ಸಭೆಯಲ್ಲಿ ಕಡಿಮೆ, ಉಪವಾಸ ಹಿಡಿಯುವವರು ಹೆಚ್ಚು. ಇಂಥ ಹೊತ್ತಿನಲ್ಲಿ ನಡೆಯುವ ಮಾತು ಸಾಧಾರಣ ಹೀಗಿರುತ್ತದೆ:

“ಪಾಸ್ಟರೇ, ಬಿಲ್ಲ ಇನ್ನೂ ಬಂದಿಲ್ರೀ.”

“ಪ್ರಾರ್ಥನಾ ಮಾಡೂಣ್ರೀ.”

“ಮಾಡೂಣ್ರೀ. ಆಮ್ಯಾಲ ಒಂದ ಅರ್ಜಿ ಬರಕೊಡ್ರಿ, ನಿಮ್ಮ ಅಕ್ಷರ ಚಲೋ ಅದಾವು.”

ಬರೆದುಕೊಡುವ ಪಾಸ್ಟರ್ ಸಿಕ್ಕರೆ ಬಿಡಬೇಡಿ. ದರದ ವಿಷಯದಲ್ಲೂ ಬರೀ ಪ್ರಾರ್ಥನೆಗೆ ನಿಲ್ಲಬೇಡಿ. 2025ರ ನವೆಂಬರಿನಲ್ಲಿ ಇದೇ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕುಳಿತರು. ಸರ್ಕಾರ ಕೊನೆಗೆ 3,300ಕ್ಕೆ ಒಪ್ಪಂದ ಮಾಡಿಸಿತು. ಅಂಥ ಕಡೆ ಹೋಗಿ ಕೂರುವುದು ಲೋಕದ ಕೆಲಸ, ವಿಶ್ವಾಸಿಗೆ ಸಲ್ಲದು ಎಂದು ಹೇಳುವವರಿದ್ದಾರೆ. ಏರಿದ ದರದ ಹಣ ಖಾತೆಗೆ ಬಿದ್ದರೆ ಅದರಲ್ಲಿ ದಶಮಾಂಶ ತೆಗೆಯುತ್ತಾರೋ ಇಲ್ಲವೋ ಅವರನ್ನೇ ಕೇಳಿ.

ನೀರು ಹೊಕ್ಕರೆ: 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ಮುಳುಗಿತು. ಮತ್ತೆ ಹಾಗಾದರೆ, ಇದು ಯಾರ ಪಾಪದ ಫಲ ಎಂಬ ಚರ್ಚೆಯನ್ನು ನೀರು ಇಳಿಯುವ ತನಕ ಮುಂದೂಡಿ. ಪಕ್ಕದ ಮನೆಯ ಮುದುಕಿಯನ್ನು, ಆಕೆಯ ಎಮ್ಮೆಯನ್ನು ಮೇಲಿನ ಜಾಗಕ್ಕೆ ಸಾಗಿಸಿ. ಎಮ್ಮೆ ಸುಲಭವಾಗಿ ಬರುತ್ತದೆ. ಮುದುಕಿ ಟ್ರಂಕು ಬಿಟ್ಟು ಬರುವುದಿಲ್ಲ, ಟ್ರಂಕನ್ನೂ ಹೊರಿ. ಆಕೆ ಯಾವ ದೇವರಿಗೆ ನಡೆದುಕೊಳ್ಳುತ್ತಾಳೆ ಎಂದು ಕೇಳುವ ಕಾಲಂ ಈ ಕೈಪಿಡಿಯಲ್ಲಿಲ್ಲ.

ಸಂಘದ ಕಂತು: ವಾರದ ಕಂತಿನ ದಿನ ಗುಂಪಿನ ಒಬ್ಬಾಕೆಯ ಹತ್ತಿರ ದುಡ್ಡಿಲ್ಲದಿದ್ದರೆ ಉಳಿದವರು ತುಂಬಬೇಕಾಗುತ್ತದೆ. ನೀವು ತುಂಬಿದರೆ ಮುಂದಿನ ಪ್ರಾರ್ಥನೆಯಲ್ಲಿ ಆಕೆಯ ಹೆಸರು ಹೇಳಿ “ಈ ಸಹೋದರಿಯ ಕಷ್ಟ ನೋಡು ಕರ್ತನೇ” ಎಂದು ಗಟ್ಟಿಯಾಗಿ ಬೇಡಬೇಡಿ. ಕರ್ತನಿಗೆ ಗೊತ್ತಿದೆ. ನೀವು ತಿಳಿಸುತ್ತಿರುವುದು ಹಿಂದಿನ ಸಾಲಿನವರಿಗೆ.

ಸಾಕ್ಷಿ ಹೇಳುವಾಗ ಎಚ್ಚರಿಕೆ: ಐದು ನಿಮಿಷ ಮೀರಬಾರದು. ಹೊಸ ಬೈಕಿಗಾಗಿ ಸ್ತೋತ್ರ ಹೇಳುವ ಮೊದಲು ಕಬ್ಬು ಕಡಿದ ಗ್ಯಾಂಗಿನವರ ಲೆಕ್ಕ ಚುಕ್ತಾ ಆಗಿದೆಯೇ ನೋಡಿ. ಕೂಲಿಯವನ ಕೂಲಿ ಹೊತ್ತು ಮುಳುಗುವುದರೊಳಗೆ ಕೊಡಬೇಕು ಎಂಬುದು ಧರ್ಮೋಪದೇಶಕಾಂಡದ 24ನೇ ಅಧ್ಯಾಯದ ಕಟ್ಟಳೆ. ಅಷ್ಟು ಬಿಗಿ ಸಾಧ್ಯವಾಗದಿದ್ದರೆ ಶನಿವಾರವಾದರೂ ಮುಟ್ಟಿಸಿ. ಭಾನುವಾರ ಎದ್ದು ನಿಂತಾಗ ಜಮಖಾನೆಯ ಮೂಲೆಯಲ್ಲಿ ಯಾರು ಕುಳಿತಿದ್ದಾರೆ ಎಂದು ಕಳ್ಳನೋಟ ಹಾಯಿಸುವ ಕೆಲಸ ತಪ್ಪುತ್ತದೆ.