ಬಿಡಿ–ಇಡಿ ಮೀಮಾಂಸೆ, ಅರ್ಥಾತ್ ವೇರಿಯಂಟ್ ಶಾಸ್ತ್ರ ಪ್ರವೇಶಿಕೆ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೇ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ ಕಾರು. ಪ್ರಯೋಜನ ಸಂದಿಗ್ಧ. ಸಂಬಂಧ ಬ್ಯಾಂಕಿನೊಂದಿಗೆ, ಏಳು ವರ್ಷದ್ದು. ಇನ್ನು ಅಧಿಕಾರಿ ಯಾರೆಂದರೆ, ಶೋರೂಮಿನ ಸೋಫಾದ ಮೇಲೆ ಕೂತು, ಕಾಗದದ ಲೋಟದಲ್ಲಿ ಕಾಫಿ ಆರಿಸಿಕೊಳ್ಳುತ್ತ, ಬ್ರೋಷರಿನ ಕೊನೆಯ ಪುಟದ ಟಿಕ್ಕು–ಗೀಟುಗಳ ಕೋಷ್ಟಕವನ್ನು ದಿಟ್ಟಿಸಿ, “ಬರೀ ರಿವರ್ಸ್ ಕ್ಯಾಮೆರಾ ಒಂದು ಹಾಕಿಕೊಡೋಕೆ ಆಗಲ್ವಾ?” ಎಂದು ಒಮ್ಮೆಯಾದರೂ ಕೇಳಿದವನು. ಹಾಗೆ ಕೇಳದವರಿಗೆ ಇಲ್ಲಿ ಪ್ರವೇಶವಿಲ್ಲ. ಅವರು ನೇರವಾಗಿ ಟಾಪ್ ಎಂಡ್ ಬುಕ್ ಮಾಡಿ ಹೋದವರು, ಮುಕ್ತರಿಗೆ ಶಾಸ್ತ್ರವೇಕೆ?

ಲೋಕದಲ್ಲಿ ಎರಡು ಮತಗಳಿವೆ. ಬೇಕಾದ್ದನ್ನು ಒಂದೊಂದಾಗಿ ಆರಿಸಿ, ಆರಿಸಿದ್ದಕ್ಕಷ್ಟೇ ದುಡ್ಡು ಕೊಡಬೇಕೆನ್ನುವವರು ಬಿಡಿವಾದಿಗಳು. ಕಂಪನಿ ಕಟ್ಟಿಟ್ಟ ಗಂಟನ್ನು ಬಿಚ್ಚದೆ ಹೊತ್ತು ತರಬೇಕೆನ್ನುವವರು ಇಡಿವಾದಿಗಳು. ಬಿಡಿವಾದದ ಪುಣ್ಯಭೂಮಿ ಜರ್ಮನಿ. ಅಲ್ಲಿ ಪೋರ್ಷೆ ಕೊಳ್ಳುವ ಭಕ್ತ ಸೀಟ್‌ಬೆಲ್ಟಿನ ಬಣ್ಣವನ್ನೂ ಬೇರೆಯಾಗಿ ಆರಿಸಿ, ಅದಕ್ಕೆ ಬೇರೆಯಾಗಿ ಕಾಣಿಕೆ ಸಲ್ಲಿಸುತ್ತಾನೆ. ನಮ್ಮ ದೇಶವೋ ಇಡಿವಾದದ ಕರ್ಮಭೂಮಿ. ಮಾರುತಿಯವರ ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ ಎಂಬ ಬೀಜಾಕ್ಷರಗಳನ್ನು ಮಧ್ಯಮವರ್ಗದ ಮಕ್ಕಳು ಕಾಗುಣಿತಕ್ಕಿಂತ ಮೊದಲೇ ಕಲಿಯುತ್ತಾರೆ. ಟಾಟಾದವರು ನೆಕ್ಸಾನ್‌ಗೆ ಸ್ಮಾರ್ಟ್, ಪ್ಯೂರ್, ಕ್ರಿಯೇಟಿವ್, ಫಿಯರ್‌ಲೆಸ್ ಎಂಬ ನಾಲ್ಕು ಮೆಟ್ಟಿಲು ಕಟ್ಟಿದರು. ಸ್ಮಾರ್ಟ್ ಆದವನು ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತಾನೆಂದೂ, ಸಾಲಕ್ಕೆ ಹೆದರದವನೇ ಫಿಯರ್‌ಲೆಸ್ ತಲುಪುತ್ತಾನೆಂದೂ ಇದಕ್ಕೆ ವ್ಯಾಖ್ಯಾನ.

ಪೂರ್ವದಲ್ಲಿ ಈ ಕ್ಲೇಶವಿರಲಿಲ್ಲ. ಅಂಬಾಸಿಡರು, ಪದ್ಮಿನಿಗಳ ಕೃತಯುಗದಲ್ಲಿ ವರ್ಷಗಟ್ಟಲೆ ಕಾದಮೇಲೆ ಕೈಗೆ ಬಂದದ್ದೇ ವೇರಿಯಂಟು. 1983ರ ಡಿಸೆಂಬರಿನಲ್ಲಿ ಮಾರುತಿ 800 ಅವತರಿಸಿ, ಎಸಿ ಇದ್ದದ್ದು, ಎಸಿ ಇಲ್ಲದ್ದು ಎಂಬ ದ್ವೈತ ನಾಡಿನಲ್ಲಿ ನೆಲೆಗೊಂಡಿತು. ಅಲ್ಲಿಂದಾಚೆಗಿನದೆಲ್ಲ ಟೀಕೆಗೆ ಟೀಕೆ.

ಇಡಿವಾದಿಗಳ ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಹತ್ತು ಸೌಲಭ್ಯಗಳನ್ನು ಬೇಕು–ಬೇಡ ಎಂದು ಗಿರಾಕಿಗೇ ಬಿಟ್ಟರೆ 1,024 ಬಗೆಯ ಕಾರು ಹುಟ್ಟುತ್ತವೆ. ಇಪ್ಪತ್ತನ್ನು ಬಿಟ್ಟರೆ 10,48,576. ಒಂದೊಂದಕ್ಕೂ ಒಳಗಿನ ವೈರಿನ ಜಡೆ ಬೇರೆ, ಗೋದಾಮಿನ ಲೆಕ್ಕ ಬೇರೆ, ಲೈನಿನಲ್ಲಿ ನಿಂತು ಬೋಲ್ಟ್ ಬಿಗಿಯುವವನ ತಲೆಬಿಸಿ ಬೇರೆ. ಆರೇಳು ಗಂಟು ಕಟ್ಟಿಬಿಟ್ಟರೆ ಖರ್ಚೂ ಕಡಿಮೆ, ತಪ್ಪೂ ಕಡಿಮೆ. ಈ ವಾದದಲ್ಲಿ ಹುರುಳಿದೆ ಎಂದು ಒಪ್ಪಿಕೊಂಡೇ ಮುಂದೆ ಹೋಗೋಣ, ಏಕೆಂದರೆ ಗಂಟಿನ ನಿಜವಾದ ಗುಟ್ಟು ಇರುವುದು ಕಾರ್ಖಾನೆಯಲ್ಲಲ್ಲ, ಅಮೆರಿಕದ ಸಿನಿಮಾ ವ್ಯಾಪಾರದಲ್ಲಿ.

ಅಲ್ಲಿ ಚಿತ್ರಗಳ ಹಂಚಿಕೆದಾರರು ಹಳೆಯ ಸಿನಿಮಾಗಳನ್ನು ಟಿವಿ ಕೇಂದ್ರಗಳಿಗೆ ಕಟ್ಟುಕಟ್ಟಾಗಿ ಮಾರುತ್ತಿದ್ದರು. ವಾಷಿಂಗ್ಟನ್ನಿನ ಒಂದು ಕೇಂದ್ರಕ್ಕೆ ‘ಕಾಸಾಬ್ಲಾಂಕಾ’ ಬೇಕಿತ್ತು. ತಗೊಳ್ಳಿ, ಜೊತೆಗೆ ‘ಗೊರಿಲ್ಲಾ ಮ್ಯಾನ್’ ಕೂಡ ತಗೊಳ್ಳಲೇಬೇಕು ಎಂದರು. ಅಮೆರಿಕದ ಸುಪ್ರೀಂ ಕೋರ್ಟು 1962ರಲ್ಲಿ ಇದು ಅಕ್ರಮವೆಂದಿತು. ಮರುವರ್ಷ ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ, ಮುಂದೆ ನೊಬೆಲ್ ಪಡೆದವರು, ಕಟ್ಟು ಕಟ್ಟಿದರೆ ಲಾಭ ಏಕೆ ಹೆಚ್ಚುತ್ತದೆಂದು ನಾಲ್ಕೇ ಅಂಕಿಗಳಲ್ಲಿ ತೋರಿಸಿದರು. ಬೇಕಾದ್ದರ ಜೊತೆಗೆ ಮನೆಗೆ ಬರುವ ಬೇಡದ್ದಕ್ಕೆ ಇನ್ನು ಮುಂದೆ ಈ ಗ್ರಂಥದಲ್ಲಿ ‘ಗೊರಿಲ್ಲಾ’ ಎಂಬುದೇ ಪಾರಿಭಾಷಿಕ ಪದ.

ಸ್ಟಿಗ್ಲರರ ಲೆಕ್ಕವನ್ನು ನಮ್ಮ ನೆಲಕ್ಕೆ ತರೋಣ. ಶಾಸ್ತ್ರಗಳಲ್ಲಿ ಉದಾಹರಣೆಗೆಂದೇ ಹುಟ್ಟಿದ ದೇವದತ್ತ, ಯಜ್ಞದತ್ತರಿದ್ದಾರೆ. ಶತಮಾನಗಳಿಂದ ನಡೆದೇ ಊರು ಸುತ್ತಿದವರು, ಅವರಿಗೂ ಒಂದು ಕಾರು ಬೇಡವೇ? ಹಾಸನದ ದೇವದತ್ತನ ಮನೆ ಗೇಟು ಕಿರಿದು. ರಿವರ್ಸ್ ಕ್ಯಾಮೆರಾಕ್ಕೆ ಅವನು 30,000 ಕೊಟ್ಟಾನು; ಸನ್‌ರೂಫ್ ‘ಇದ್ದರೆ ಇರಲಿ’ ಎಂದು 15,000. ಹುಬ್ಬಳ್ಳಿಯ ಯಜ್ಞದತ್ತನ ಮಕ್ಕಳಿಗೆ ಸನ್‌ರೂಫ್ ಬೇಕೇ ಬೇಕು, ಅವನು ಅದಕ್ಕೆ 40,000 ಬಿಚ್ಚುತ್ತಾನೆ. ಕ್ಯಾಮೆರಾಕ್ಕೆ ಬರೀ 10,000, ಹಿಂದೆ ನಿಂತು ‘ಬರಲಿ, ಬರಲಿ’ ಅನ್ನಲು ಅವನಿಗೆ ತಮ್ಮನಿದ್ದಾನೆ. ಬಿಡಿಯಾಗಿ ಮಾರಿದರೆ ಕಂಪನಿಗೆ ಅತಿ ಹೆಚ್ಚೆಂದರೆ ಸನ್‌ರೂಫಿನಿಂದ 40,000, ಕ್ಯಾಮೆರಾದಿಂದ 30,000, ಒಟ್ಟು 70,000. ಎರಡನ್ನೂ ಕಟ್ಟಿ 45,000 ಎಂದು ಚೀಟಿ ಅಂಟಿಸಿದರೆ ಇಬ್ಬರೂ ಕೊಳ್ಳುತ್ತಾರೆ, 90,000. ದೇವದತ್ತನ ಗೊರಿಲ್ಲಾ ಯಜ್ಞದತ್ತನ ಕಾಸಾಬ್ಲಾಂಕಾ. ಯಜ್ಞದತ್ತನ ಗೊರಿಲ್ಲಾ ದೇವದತ್ತನ ಕಾಸಾಬ್ಲಾಂಕಾ. ಗಂಟು ಕಟ್ಟಿದವನಿಗೆ ಮಾತ್ರ ಎರಡೂ ಕಾಸಾಬ್ಲಾಂಕಾ. (ಮಕ್ಕಳು ಸನ್‌ರೂಫಿನಿಂದ ತಲೆ ಹೊರಹಾಕಿ ನಿಲ್ಲುವುದು ಅಪಾಯ ಎಂಬುದನ್ನು ಯಜ್ಞದತ್ತನಿಗೆ ಯಾರಾದರೂ ಹೇಳಬೇಕು. ಸೇಲ್ಸ್‌ನವನು ಹೇಳುವುದಿಲ್ಲ.)

ಇಷ್ಟಾದರೂ ಗಿರಾಕಿಗೆ ತನ್ನ ಹಿತ ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳನ್ನೂ ಶೋರೂಮಿನಲ್ಲಿ ಪರೀಕ್ಷಿಸಲಾಗಿ ಈ ಫಲ ಕಂಡುಬಂತು. ಪ್ರತ್ಯಕ್ಷ ನಂಬಲರ್ಹವಲ್ಲ, ಏಕೆಂದರೆ ಟೆಸ್ಟ್ ಡ್ರೈವಿಗೆ ತರುವುದು ಸಾಮಾನ್ಯವಾಗಿ ಟಾಪ್ ಎಂಡ್ ಗಾಡಿ. ನೀವು ಓಡಿಸಿದ್ದು ಒಂದು, ಮನೆಗೆ ಬರುವುದು ಇನ್ನೊಂದು. ಉಪಮಾನವೆಂದರೆ ಷಡ್ಡಕನ ಕಾರು. ಆ ವಿಚಾರ ಇಲ್ಲಿ ಬೇಡ. ಶಬ್ದಪ್ರಮಾಣದ ಮೂಲವಾಕ್ಯ ಕರ್ನಾಟಕದ ಎಲ್ಲ ಊರುಗಳಲ್ಲೂ ಪಾಠಾಂತರವಿಲ್ಲದೆ ದೊರೆಯುತ್ತದೆ: “ಜಸ್ಟ್ ನಲವತ್ತು ಸಾವಿರ ಜಾಸ್ತಿ ಹಾಕಿದ್ರೆ ನೆಕ್ಸ್ಟ್ ವೇರಿಯಂಟೇ ಬಂದ್ಬಿಡುತ್ತೆ ಸರ್.” ಇದಕ್ಕೆ ಅನುಮಾನಪ್ರಮಾಣದ ಬೆಂಬಲ: “ಇಎಂಐನಲ್ಲಿ ತಿಂಗಳಿಗೆ ಆರುನೂರೈವತ್ತೂ ಆಗಲ್ಲ.” ಸುಳ್ಳಲ್ಲ. ಒಂಬತ್ತು ಪರ್ಸೆಂಟ್ ಬಡ್ಡಿಗೆ ಏಳು ವರ್ಷವೆಂದರೆ ತಿಂಗಳಿಗೆ 644 ರೂಪಾಯಿ. 84 ತಿಂಗಳಿಗೆ ಗುಣಿಸಿದರೆ ನಲವತ್ತು ಸಾವಿರದ ಗೊರಿಲ್ಲಾ 54,000 ದಾಟಿರುತ್ತದೆ. ಗುಣಾಕಾರ ಗಿರಾಕಿಯ ಹೊಣೆ.

ಅರ್ಥಾಪತ್ತಿಯ ಪ್ರಸಿದ್ಧ ದೃಷ್ಟಾಂತ ನಮ್ಮ ದೇವದತ್ತನದೇ: ಹಗಲು ಉಣ್ಣುವುದಿಲ್ಲ, ಆದರೂ ಮೈ ತುಂಬಿಕೊಂಡಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು. ಈಗ ದೇವದತ್ತನ ಜಾಗದಲ್ಲಿ ಡೀಲರನ್ನು ಕೂರಿಸಿ. ಡಿಸೆಂಬರಿನಲ್ಲಿ ಭಾರೀ ಡಿಸ್ಕೌಂಟ್ ಕೊಡುತ್ತಾನೆ, “ನಮಗೇನೂ ಉಳಿಯಲ್ಲ ಸರ್” ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ, ಆದರೂ ಶೋರೂಮು ವರ್ಷಕ್ಕೊಂದು ಗಾಜಿನ ಗೋಡೆ ಹಿಗ್ಗುತ್ತಿದೆ. ಹಾಗಾದರೆ ರಾತ್ರಿಯೂಟ ಎಲ್ಲಿ? ಕೊಟೇಶನ್ನಿನ ಕೆಳಭಾಗ ಓದಿ: ಇನ್ಶೂರೆನ್ಸು, ಎಕ್ಸ್‌ಟೆಂಡೆಡ್ ವಾರಂಟಿ, ಟೆಫ್ಲಾನ್ ಕೋಟಿಂಗು, ಹ್ಯಾಂಡ್ಲಿಂಗ್ ಚಾರ್ಜು, ಆಕ್ಸೆಸರಿ ಕಿಟ್ಟು. ಇನ್ಶೂರೆನ್ಸನ್ನು ಹೊರಗಿನಿಂದ ಮಾಡಿಸಿಕೊಳ್ಳುವ ಹಕ್ಕು ಗಿರಾಕಿಗಿದೆ. ಆ ಮಾತೆತ್ತಿದ ಕ್ಷಣ ಕಾಫಿ ತರುವ ಹುಡುಗ ಕಾಣೆಯಾಗುತ್ತಾನೆ.

ಆರನೆಯದಾದ ಅನುಪಲಬ್ಧಿಯಲ್ಲಿ ಈ ಶಾಸ್ತ್ರದ ರಸವೆಲ್ಲ ಇದೆ. ಒಂದು ವಸ್ತು ಇಲ್ಲವೆಂಬ ಜ್ಞಾನ ಹೇಗೆ ಹುಟ್ಟುತ್ತದೆಂದು ಪಂಡಿತರು ನೆಲದ ಮೇಲಿಲ್ಲದ ಮಡಕೆಯನ್ನಿಟ್ಟುಕೊಂಡು ನೂರಾರು ವರ್ಷ ಬಡಿದಾಡಿದರು. ಪಾಪ, ಅವರು ಕೆಳ ವೇರಿಯಂಟಿನ ಡ್ಯಾಶ್‌ಬೋರ್ಡ್ ನೋಡಿರಲಿಲ್ಲ. ಸ್ಟಿಯರಿಂಗಿನ ಬಲಕ್ಕೆ ಸಾಲಾಗಿ ನಾಲ್ಕು ಸ್ವಿಚ್ಚಿನ ಜಾಗ. ಒಂದರಲ್ಲಿ ಸ್ವಿಚ್ಚು, ಮೂರರಲ್ಲಿ ನುಣ್ಣಗಿನ ಕರಿ ಪ್ಲಾಸ್ಟಿಕ್ ಮುಚ್ಚಳ. ಫಾಗ್‌ಲ್ಯಾಂಪ್ ಇಲ್ಲ ಎಂಬುದಷ್ಟೇ ಆಗಿದ್ದರೆ ಮರೆಯಬಹುದಿತ್ತು. ಆದರೆ ಇಲ್ಲ ಎಂಬುದಕ್ಕೇ ಒಂದು ಆಕಾರ ಕೊಟ್ಟು, ಅಂಚು ಕೊರೆದು, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬೆರಳು ತಾಗುವಲ್ಲಿ ಕೂರಿಸಿದ್ದಾರೆ. ವಾರಕ್ಕೊಮ್ಮೆ ಒತ್ತಿ ನೋಡದವರಿಲ್ಲ. ಇದು ಅಭಾವದ ಪ್ರತ್ಯಕ್ಷವೋ, ಪ್ರತ್ಯಕ್ಷದ ಅಭಾವವೋ, ಅಥವಾ ಮುಂದಿನ ಸಲ ಮೇಲಿನ ವೇರಿಯಂಟ್ ತಗೊಳ್ಳುವಂತೆ ಕಂಪನಿ ಬರೆದಿಟ್ಟ ಜ್ಞಾಪಕಪತ್ರವೋ ಎಂಬುದು ವಿದ್ವಾಂಸರ ವಿವೇಚನೆಗೆ ಬಿಟ್ಟದ್ದು. ಬಿಡಿವಾದಿಗಳೂ ಈ ವಿಷಯದಲ್ಲಿ ನಗುವಂತಿಲ್ಲ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಬಿಸಿಯಾಗುವ ಸೀಟನ್ನು ತಿಂಗಳ ಚಂದಾಕ್ಕೆ ಇಟ್ಟಿತು: ಸೀಟೊಳಗೆ ತಂತಿ ಇದೆ, ಸ್ವಿಚ್ಚಿದೆ, ಬಿಸಿಯೂ ಇದೆ, ಅನುಮತಿ ಮಾತ್ರ ಇಲ್ಲ. ಜನ ಛೀಮಾರಿ ಹಾಕಿದ ಮೇಲೆ ಮರುವರ್ಷ ಕೈಬಿಟ್ಟರು. ಬಿಡಿಯನ್ನು ಬಿಡಿಸುತ್ತ ಹೋದರೆ ಕೊನೆಗೆ ಬೆನ್ನಿನ ಬಿಸಿಗೂ ಬಾಡಿಗೆ ಬರುತ್ತದೆ.

ಈಗ ಸಿದ್ಧಾಂತ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವಂಥದ್ದಕ್ಕಾಗಿ ಮೇಲಿನ ಮೆಟ್ಟಿಲು ಹತ್ತಬಾರದು. ಅಲ್ಲಿ ಸಿಗದ್ದಕ್ಕಾಗಿ ಹತ್ತಲೇಬೇಕು. ಅಷ್ಟೇ ಸೂತ್ರ. ಕ್ಯಾಮೆರಾ, ಸ್ಟೀರಿಯೊ, ಫಾಗ್‌ಲ್ಯಾಂಪ್, ಅಲಾಯ್ ಚಕ್ರ, ಕಾಲಡಿಯ ನೀಲಿ ಬೆಳಕು, ಎಲ್ಲವನ್ನೂ ಆ ರಸ್ತೆಯ ಅಂಗಡಿಗಳಲ್ಲಿ ಚೌಕಾಶಿ ಮಾಡಿ ಹಾಕಿಸಬಹುದು. ಅಪವಾದಗಳಿವೆ: ವೈರು ಕತ್ತರಿಸಿ ಜೋಡಿಸಿದರೆ ವಾರಂಟಿಗೆ ಕುತ್ತು, ಸೀಟಿನ ಮಗ್ಗುಲಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸೀಟ್ ಕವರ್ ಹೊಲಿಸಿದರೆ ಚೀಲ ಬಿಚ್ಚಿಕೊಳ್ಳಲು ದಾರಿಯೇ ಇಲ್ಲ. ಆದರೆ ಎಬಿಎಸ್, ಏರ್‌ಬ್ಯಾಗ್, ಇಎಸ್‌ಸಿಗಳನ್ನು ಯಾವ ಅಂಗಡಿಯವನೂ ಹಾಕಿಕೊಡಲಾರ.

ಇಲ್ಲೊಂದು ಅಹಿತಕರ ಇತಿಹಾಸವಿದೆ, ಅದನ್ನು ಅಣಕದ ದನಿಯಲ್ಲಿ ಹೇಳುವುದು ಕಷ್ಟ. ಬಹುಕಾಲ ನಮ್ಮಲ್ಲಿ ಏರ್‌ಬ್ಯಾಗು ಅಲಾಯ್ ಚಕ್ರದ ಗಂಟಿನಲ್ಲೇ ಇರುತ್ತಿತ್ತು, ಇಲ್ಲವೇ ವೇರಿಯಂಟಿನ ಹೆಸರಿನ ಮುಂದೆ ಕಂಸದೊಳಗೆ ಕೂತ ‘ಓ’ ಅಕ್ಷರದಲ್ಲಿ. ಜೀವ ಉಳಿಸುವುದು ಆಪ್ಷನ್, ಬಾಗಿಲ ಹಿಡಿಯ ಕ್ರೋಮ್ ಪ್ಯಾಕೇಜು. ಕೆಳಗಿನ ಮೆಟ್ಟಿಲಿಗೆ ಅದನ್ನು ಇಳಿಸಿದ್ದು ಬಿಡಿವಾದವೂ ಅಲ್ಲ, ಇಡಿವಾದವೂ ಅಲ್ಲ, ಸರ್ಕಾರಿ ಆದೇಶ. ಎಲ್ಲ ಕಾರುಗಳಿಗೂ ಎಬಿಎಸ್ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈಯಿಂದ ಕಡ್ಡಾಯವಾಯಿತು. ಪಕ್ಕದಲ್ಲಿ ಕೂತವರ ಸರದಿ ಬಂದದ್ದು 2021ರಲ್ಲಿ. ಅಷ್ಟರವರೆಗೆ ಚಾಲಕನಿಗೊಂದು, ಅವನ ಹೆಂಡತಿಗಿಲ್ಲ ಎಂಬ ಕಾರುಗಳು ಕಾನೂನುಬದ್ಧವಾಗಿಯೇ ಓಡಿದವು. ಆರು ಏರ್‌ಬ್ಯಾಗ್ ಕಡ್ಡಾಯ ಎಂಬ ಪ್ರಸ್ತಾವ 2023ರಲ್ಲಿ ಬಿದ್ದುಹೋಯಿತು. ಆದರೆ ಅದೇ ಅಕ್ಟೋಬರಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಹಂಚುವ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು, ಹ್ಯುಂಡೈ ತನ್ನ ಎಲ್ಲ ಮಾದರಿಗಳಿಗೂ ಆರು ಚೀಲ ಎಂದು ಸಾರಿತು.

ಇನ್ನು ಲಕ್ಷ್ಮಣರೇಖೆಯ ವಿಚಾರ. ಕರ್ನಾಟಕದ ಆಜೀವ ತೆರಿಗೆ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಹತ್ತು ದಾಟಿದರೆ ಶೇ 17, ಮೇಲೆ ಸೆಸ್ ಬೇರೆ. 9,99,000ದ ವೇರಿಯಂಟಿಗೆ ತೆರಿಗೆ 1,39,860, 10,01,000ದ್ದಕ್ಕೆ 1,70,170. ಎರಡು ಸಾವಿರದ ಗೊರಿಲ್ಲಾ ತನ್ನ ಜೊತೆ ಮೂವತ್ತು ಸಾವಿರದ ಮರಿಯನ್ನೂ ಎಳೆದುಕೊಂಡು ಬರುತ್ತದೆ. ಹತ್ತು ಲಕ್ಷ ಮೀರಿದ್ದಕ್ಕೆ ಒಂದು ಪರ್ಸೆಂಟ್ ಟಿಸಿಎಸ್ ಇದೆ. ಅದು ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ, ರಿಟರ್ನ್ ತುಂಬುವವನಿಗೆ. ಎರಡು ಮತಗಳ ಆಚಾರ್ಯರೂ ಈ ರೇಖೆಯನ್ನು ಅಲಕ್ಷಿಸಿದ್ದಾರೆ.

ದೇವದತ್ತ ಇಷ್ಟನ್ನೂ ಅಧ್ಯಯನ ಮಾಡಿ, ಕೋಷ್ಟಕಕ್ಕೆ ಹಸಿರು, ಕೆಂಪು ಗೆರೆ ಎಳೆದು, ಕೆಳಗಿನಿಂದ ಎರಡನೆಯ ವೇರಿಯಂಟ್, ಬೂದು ಬಣ್ಣ ಎಂದು ನಿರ್ಧರಿಸಿ, ಸಾಕ್ಷಿಗೆ ಯಜ್ಞದತ್ತನನ್ನೂ ಕರೆದುಕೊಂಡು ಶೋರೂಮಿಗೆ ಹೋದನು. ಅಲ್ಲಿ ಏಳನೆಯ ಪ್ರಮಾಣವೊಂದಿದೆ, ಅದು ಮಿಕ್ಕ ಆರನ್ನೂ ಬಾಧಿಸುತ್ತದೆ. ಅದರ ಹೆಸರು ಸ್ಟಾಕ್.

“ಅದಕ್ಕೆ ಐದು ತಿಂಗಳು ವೇಟಿಂಗ್ ಸರ್. ಟಾಪ್ ಎಂಡ್ ಬಿಳಿದು ಒಂದು ಯಾರ್ಡಲ್ಲೇ ಇದೆ. ಶುಕ್ರವಾರ ಡೆಲಿವರಿ ಕೊಡ್ತೀನಿ, ದಿನವೂ ಚೆನ್ನಾಗಿದೆ.”

ದೇವದತ್ತ ಗೆರೆ ಎಳೆದ ಹಾಳೆಯನ್ನು ಮಡಚಿದನು. ಯಜ್ಞದತ್ತ ಗಂಟಲು ಸರಿಮಾಡಿಕೊಂಡು ಕೇಳಿದನು: “ಮ್ಯಾಟ್ ಆದ್ರೂ ಫ್ರೀ ಕೊಡ್ತೀರೇನ್ರಿ?”

“ಮ್ಯಾಟ್ ಬೇರೆ ಕೊಡಲ್ಲ ಸರ್. ಕಿಟ್‌ನಲ್ಲೇ ಬರುತ್ತೆ.”